ಎರೆಮಣ್ಣು ಬ್ಯಾಂಡಿನ ಮೊಳಕೆ ಪರೀಕ್ಷೆ

ಮನೆಯಲ್ಲಿ ಒಂದು ವಸ್ತು ಬಹಳ ಭದ್ರವಾಗಿದೆ ಎಂದು ಎಲ್ಲರೂ ನಂಬಿದ್ದಾರೆಂದರೆ, ಅದನ್ನು ಬಹಳ ವರ್ಷಗಳಿಂದ ಯಾರೂ ತೆಗೆದು ನೋಡಿಲ್ಲ ಎಂದು ತಿಳಿಯಬೇಕು. ನಮ್ಮ ಮನೆಯಲ್ಲಿ ಭದ್ರವಾಗಿರುವುದೆಲ್ಲ ನನ್ನ ಸುಪರ್ದಿಯಲ್ಲಿದೆ. ಒಂದು ತಗಡಿನ ಟ್ರಂಕು. ಅದರಲ್ಲಿ ನಮ್ಮ ಅತ್ತೆಯ ಎರಡು ಇಳಕಲ್ ಸೀರೆ, ಮಕ್ಕಳ ಮೊದಲ ಕುಲಾಯಿ, ನಮ್ಮವರ ಹತ್ತನೇ ತರಗತಿಯ ಅಂಕಪಟ್ಟಿ (ಇದನ್ನು ಭದ್ರವಾಗಿಡು ಎಂದವರು ಅವರೇ, ಯಾರಿಗೂ ಕಾಣದಂತೆ ಇಡು ಎಂಬುದು ಅದರ ಅರ್ಥ), ಹುಳ ಬರಬಾರದೆಂದು ನಡುನಡುವೆ ಒಂದು ಹಿಡಿ ಒಣಮೆಣಸಿನಕಾಯಿ, ಮತ್ತು ಎಂಟು ಕ್ಯಾಸೆಟ್ಟುಗಳು. ಆ ಕ್ಯಾಸೆಟ್ಟುಗಳ ಮಾತು ಬಂದಾಗಲೆಲ್ಲ ನಮ್ಮವರು ಗೆಳೆಯರೆದುರು ಹೆಮ್ಮೆಯಿಂದ, "ಅವು ಶಾಂತಾನ ಕಡೆ ಅದಾವು. ಅಂದ್ರ ಲಾಕರಿನಾಗ ಇದ್ದಂಗ" ಎನ್ನುತ್ತಿದ್ದರು. ನಾನು ಆಗ ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದೆ. ಯಾರೂ ಚಹಾ ಕೇಳಿರದಿದ್ದರೂ ಇಡುತ್ತಿದ್ದೆ. ಯಾಕೆಂದರೆ ಆ ಎಂಟರಲ್ಲಿ ಒಂದನ್ನು ನಾನು ಇಪ್ಪತ್ತು ವರ್ಷದ ಹಿಂದೆಯೇ ಅಳಿಸಿದ್ದೆ.

ಮೊದಲು ಆ ಕ್ಯಾಸೆಟ್ಟುಗಳ ಕಥೆ ಹೇಳಬೇಕು. ನಮ್ಮವರಿಗೆ ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜದ ಅಂಗಡಿ. ನಾನು ಮದುವೆಯಾಗಿ ಬಂದಾಗ ಅವರು ಬೀಜ ಮಾರುವುದರ ಜೊತೆಗೆ ಒಂದು ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದರು ಕೂಡ. ಇದನ್ನು ಹೆಣ್ಣು ನೋಡಲು ಬಂದಾಗ ಯಾರೂ ಹೇಳಿರಲಿಲ್ಲ. "ಹುಡುಗಗ ಸ್ವಲ್ಪ ಸಂಗೀತದ ಹುಚ್ಚು ಐತಿ" ಎಂದಿದ್ದರು, ನಾನು ಹಾರ್ಮೋನಿಯಂ ಅಂದುಕೊಂಡಿದ್ದೆ. ಬ್ಯಾಂಡಿನ ಹೆಸರು 'ಎರೆಮಣ್ಣು.' ನಾಲ್ಕು ಜನ. ನಮ್ಮವರು ಬಸವರಾಜ, ಹಾಡುವುದು. ಬ್ಯಾಡಗಿಯ ಚಂದ್ರಣ್ಣ, ಬೇಸ್ ಗಿಟಾರು. ಮೆಣಸಿನಕಾಯಿ ವ್ಯಾಪಾರದ ಮನೆತನ. ಹಾವೇರಿಯ ರಿಯಾಜ್ ಭಾಯಿ, ಡ್ರಮ್ಮು, ಟೇಲರು. ನಾಲ್ಕನೆಯವನು ಚಂದ್ರಣ್ಣನ ತಮ್ಮ ವಿಜಯ, ಮುಖ್ಯ ಗಿಟಾರು ಅವನದೇ. ಪ್ರತಿ ರವಿವಾರ ನಮ್ಮ ಬೀಜದ ಗೋದಾಮಿನಲ್ಲಿ ಪ್ರಾಕ್ಟೀಸು. ಮೊದಲ ರವಿವಾರ ನಾನು ಚಾವಣಿಯ ತಗಡು ಕುಸಿಯಿತೆಂದು ಹೊಸ ಸೀರೆಯಲ್ಲೇ ಹೊರಗೆ ಓಡಿದ್ದೆ. ನಮ್ಮ ಮಾವನವರು ಆ ಬ್ಯಾಂಡನ್ನು ಜೀವನದಲ್ಲಿ ಒಂದೇ ಸಲ ಹೊಗಳಿದ್ದಾರೆ. ಅದರಿಂದ ಗೋದಾಮಿನ ಪಾರಿವಾಳಗಳು ಬಿಟ್ಟು ಹೋದವು, ಬೀಜ ತಿನ್ನುವುದು ತಪ್ಪಿತು, ಎಂದು.

ವಿಜಯ ಮಾತು ಕಡಿಮೆಯ ಹುಡುಗ. ನಾನು ಆಗಷ್ಟೇ ರೊಟ್ಟಿ ಬಡಿಯಲು ಕಲಿಯುತ್ತಿದ್ದೆ. ನನ್ನ ರೊಟ್ಟಿ ಒಂದು ಕಡೆ ಹಪ್ಪಳದಂತೆ ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಇರುತ್ತಿತ್ತು. ಉಳಿದವರೆಲ್ಲ ಅದನ್ನು ನೋಡಿ ನಗುವಾಗ ಅವನು ಮಾತ್ರ, "ವೈನಿ, ನನಗ ದಪ್ಪ ಕಡೇದು ಕೊಡ್ರಿ, ಪಲ್ಯ ಛಲೋ ಹಿಡೀತೈತಿ" ಎನ್ನುತ್ತಿದ್ದ. ನನ್ನ ಮದುವೆಯಾಗಿ ಮೂರು ವರ್ಷಕ್ಕೆ, ಇಪ್ಪತ್ತಾರನೆಯ ವಯಸ್ಸಿಗೆ, ಕಾಮಾಲೆಯಾಗಿ ಹೋಗಿಬಿಟ್ಟ. ಬ್ಯಾಂಡು ನಿಲ್ಲಿಸುತ್ತೇವೆ ಎಂದು ಯಾರೂ ಹೇಳಲಿಲ್ಲ. ಮುಂದಿನ ರವಿವಾರ ಯಾರೂ ಬರಲಿಲ್ಲ, ಅದರ ಮುಂದಿನ ರವಿವಾರವೂ ಬರಲಿಲ್ಲ, ಅಷ್ಟೆ. ಪಾರಿವಾಳಗಳು ಮರಳಿ ಬಂದವು. ಗೋದಾಮಿನಲ್ಲಿ ರೆಕಾರ್ಡು ಮಾಡಿಟ್ಟ ಎಂಟು ಕ್ಯಾಸೆಟ್ಟುಗಳ ಬೆನ್ನಿನ ಮೇಲೆ ಒಂದರಿಂದ ಎಂಟು ನಂಬರು ಬರೆದು, ನಮ್ಮವರು ನನ್ನ ಕೈಗೆ ಕೊಟ್ಟರು. ಕ್ಯಾಸೆಟ್ಟಿಗೆ ಹಿಂದೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ಯಾರೂ ರೆಕಾರ್ಡು ಮಾಡಲಾಗದು. ಎಂಟರ ಹಲ್ಲನ್ನೂ ನಮ್ಮವರು ಒಂದೊಂದಾಗಿ, ಉಗುರಿನಿಂದ ಮುರಿದಿದ್ದರು. ಆದರೆ ಮುರಿದ ಜಾಗದಲ್ಲಾಗುವ ಗುಳಿಯ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದರೆ ಟೇಪ್ ರೆಕಾರ್ಡರಿಗೆ ಅದು ಹಲ್ಲೇ ಅನ್ನಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಹೆಂಗಸರಿಗೆ ಇಂಥವು ಹೇಗೋ ಗೊತ್ತಿರುತ್ತವೆ.

ಅಳಿಸಿದ್ದು ಹೇಗೆಂದರೆ, ನಮ್ಮ ಅತ್ತೆ ರಂಜಕ ಮಾಡುತ್ತಿದ್ದರು. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಮೆಂತೆ ಹಾಕಿ ಕುಟ್ಟಿದ ಆ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದವರು ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೇಳುತ್ತಿದ್ದರು. ಅದರ ಅಳತೆಯನ್ನು ಅತ್ತೆ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ, "ಕೈಗೆ ಗೊತ್ತಾಗತೈತಿ" ಎನ್ನುತ್ತಿದ್ದರು. ಅವರ ಕೈಗೆ ಗೊತ್ತಾಗುತ್ತಿತ್ತು, ನನ್ನ ಕೈಗೆ ಮನೆಗೆಲಸ ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ, ಯಾವ ಪುಣ್ಯವೋ, ಒರಳಿನ ಮುಂದೆ ಕೂತ ಅತ್ತೆ ತಾವಾಗಿಯೇ, "ಬಾ, ಹೇಳ್ತೇನಿ. ನಿನ್ನ ತಲಿಯಾಗ ನಿಲ್ಲಂಗಿಲ್ಲ, ಆ ಡಬ್ಬಿಯಾಗ ತುಂಬಕೋ" ಎಂದು ಟೇಪ್ ರೆಕಾರ್ಡರ್ ತೋರಿಸಿದರು. ಖಾಲಿ ಕ್ಯಾಸೆಟ್ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅತ್ತೆಯ ಮನಸ್ಸು ಬದಲಾಗುವುದು ಖಂಡಿತ. ಟ್ರಂಕು ತೆಗೆದೆ. ಮೂರನೇ ನಂಬರಿನಲ್ಲಿ ವಿಜಯನ ಗಿಟಾರು ಎದ್ದು ಕೇಳಿಸುತ್ತದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಕೈಗೆ ಸಿಕ್ಕಿದ್ದು ಐದು. ಪಟ್ಟಿ ಅಂಟಿಸಿದೆ, ಗುಂಡಿ ಒತ್ತಿದೆ. ಅದೇ ವರ್ಷ ಟೇಪ್ ರೆಕಾರ್ಡರ್ ಕೆಟ್ಟಿತು. ಕೆಲವು ವರ್ಷದಲ್ಲಿ ಅತ್ತೆಯೂ ಹೋದರು. ನನ್ನ ಅಪರಾಧ ಟ್ರಂಕಿನಲ್ಲಿ ಮೆಣಸಿನಕಾಯಿಯ ಘಾಟಿನೊಳಗೆ ಸುರಕ್ಷಿತವಾಗಿ ಉಳಿಯಿತು.

ಉಳಿಯುತ್ತಲೇ ಇರುತ್ತಿತ್ತು. ಆದರೆ ಮೂರು ವರ್ಷದ ಹಿಂದೆ ನಮ್ಮವರಿಗೆ ಬಿ.ಪಿ. ಕಾಣಿಸಿಕೊಂಡು, ಡಾಕ್ಟರು "ಏನರ ಒಂದು ಹವ್ಯಾಸ ಇಟ್ಕೊಳ್ರಿ" ಎಂದರು. ಅವರು ಹೇಳಿದ್ದು ಮುಂಜಾನೆಯ ನಡಿಗೆಯ ಅರ್ಥದಲ್ಲಿ. ನಮ್ಮವರು ಚಂದ್ರಣ್ಣನಿಗೆ ಫೋನು ಹಚ್ಚಿದರು, ಚಂದ್ರಣ್ಣ ರಿಯಾಜ್ ಭಾಯಿಗೆ ಹಚ್ಚಿದ. ಮುಂದಿನ ರವಿವಾರ ಗೋದಾಮಿನ ಪಾರಿವಾಳಗಳು ಎರಡನೆಯ ಸಲ ವಲಸೆ ಹೋದವು. ಮೂವರಿಗೂ ಈಗ ಐವತ್ತೆಂಟರ ಆಸುಪಾಸು. ಹಳೆಯ ಕಾಲದಲ್ಲಿ ಅವರ ಜೋರಿನ ಹಾಡು ಗುತ್ತಲದ ಬಸ್ಸಿನ ಮೇಲಿತ್ತು: ಕೈ ಮಾಡಿದರೂ ನಿಲ್ಲದೆ ಹೋಗುವ ಬಸ್ಸನ್ನು ನಮ್ಮವರು ಮೂರು ನಿಮಿಷ ಬೈಯುತ್ತಿದ್ದರು. ಈಗ ಹೊಸದಾಗಿ ಕಟ್ಟಿದ ಹಾಡಿನಲ್ಲಿ ಬಸ್ಸು ನಿಲ್ಲುತ್ತದೆ, ಕಂಡಕ್ಟರು ಬಾ ಎನ್ನುತ್ತಾನೆ, ಆದರೆ ಹತ್ತುವ ಪಾವಟಿಗೆ ಬಹಳ ಎತ್ತರ. ಅದರ ಪಲ್ಲವಿಯಲ್ಲಿ ಮೊಣಕಾಲು ಎಂಬ ಶಬ್ದ ಎಂಟು ಸಲ ಬರುತ್ತದೆ.

ಇಷ್ಟಾದ ಮೇಲೆ, ಕಳೆದ ಮಳೆಗಾಲದಲ್ಲಿ, ಹುಬ್ಬಳ್ಳಿಯಿಂದ ಸುನಂದಾ ಎಂಬವರ ಫೋನು ಬಂತು. ಅವರದು ಅಲ್ಲೊಂದು ಸಣ್ಣ ಸ್ಟುಡಿಯೋ. ಕಾಲೇಜು ಹುಡುಗಿಯಾಗಿದ್ದಾಗ ರಾಣೆಬೆನ್ನೂರಿನಲ್ಲಿ ಇವರ ಕಾರ್ಯಕ್ರಮ ಕೇಳಿದ್ದರಂತೆ. ಈ ಕಡೆಯ ಹಳೆಯ ಬ್ಯಾಂಡುಗಳ ಹಾಡನ್ನು ಇಂಟರ್‌ನೆಟ್ಟಿನಲ್ಲಿ ಬಿಡುತ್ತಿದ್ದಾರಂತೆ. "ನೀವು ಹೊಸಾವು ಹಾಡಿ ಕೊಟ್ರೂ ಆತ್ರಿ, ಹಳೇ ಕ್ಯಾಸೆಟ್ ಕೊಟ್ರೂ ಆತ್ರಿ. ಆದ್ರ ಯಾವುದರ ಒಂದ ಹೇಳ್ರಿ, ದೀಪಾವಳಿಯೊಳಗ ಬೇಕು" ಎಂದರು. ಯಾವುದಾದರೂ ಒಂದು ಎಂದು ಅವರು ಸರಳವಾಗಿ ಹೇಳಿ ಫೋನು ಇಟ್ಟರು. ಇಲ್ಲಿ ನಲವತ್ತು ವರ್ಷದ ಸ್ನೇಹ ಅಲ್ಲಾಡತೊಡಗಿತು.

ನಮ್ಮವರ ಪಕ್ಷ ಹೊಸದು. ಬೀಜದ ಅಂಗಡಿಯವರಿಗೆ ಪೊಟ್ಟಣದ ಮೇಲಿನ ಅವಧಿಯೇ ಧರ್ಮ. "ಅವಧಿ ಮುಗಿದ ಬೀಜ ಕೊಟ್ರ ರೈತ ನಾಳೆ ಅಂಗಡಿ ಮುಂದ ಬಂದು ಕುಂದರ್ತಾನ. ನಾವು ಜೀವಂತ ಇದ್ದು ಹಳೇ ಸ್ಟಾಕ್ ಯಾಕ ಮಾರೂದು? ಹಾಡೂದು ಬರತೈತಿ, ಹಾಡೂಣು" ಎಂದು ಅವರ ವಾದ. ಚಂದ್ರಣ್ಣ ಬ್ಯಾಡಗಿಯವನು. ಅವನ ಪ್ರಪಂಚವೇ ಬೇರೆ. "ಬಸಣ್ಣ, ನಮ್ಮಲ್ಲಿ ಕೋಲ್ಡ್ ಸ್ಟೋರೇಜಿನಾಗ ಇಟ್ಟ ಕಾಯಿ ತಗದು ನೋಡು. ಬಣ್ಣ ಇಟ್ಟ ದಿನ ಹೆಂಗಿತ್ತೋ ಹಂಗ ಇರತೈತಿ. ಒಳ್ಳೇ ಮಾಲು ಹಳೇದಾಗಂಗಿಲ್ಲ. ನಿನ್ನ ಗಂಟಲದ್ದು ಹೇಳು, ಅದನ್ನ ನೀ ಬಿಸಿಲಿಗೆ ಬಿಟ್ಟೀದಿ." ಇದಕ್ಕೆ ನಮ್ಮವರು ಚಂದ್ರಣ್ಣನ ಬೆರಳಿನ ವಾತದ ಬಗ್ಗೆ ಒಂದು ಮಾತು ಹೇಳಿದರು, ಚಂದ್ರಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡ. ನಾನು ಚಹಾ ತಂದು ಮತ್ತೆ ಬಿಚ್ಚಿಸಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ಆ ತಿಂಗಳು ಖರ್ಚಾದ ಸಕ್ಕರೆಯ ಬಹುಪಾಲು ಚಂದ್ರಣ್ಣನ ಚಪ್ಪಲಿಗೆ ಹೋಯಿತು.

ನನ್ನ ಮತ ಕೇಳಿದರು. ನಾನು ರಾಕ್ ಸಂಗೀತದ ಬಗ್ಗೆ ಮೂವತ್ತು ವರ್ಷದಲ್ಲಿ "ಸ್ವಲ್ಪ ಸಣ್ಣಗ ಮಾಡ್ರಿ" ಎಂಬುದನ್ನು ಬಿಟ್ಟು ಏನೂ ಹೇಳಿದವಳಲ್ಲ. ಆ ದಿನ ಮಾತ್ರ ಸೆರಗು ಸರಿಮಾಡಿಕೊಂಡು, ಕಲಾವಿದನಾದವನು ನಿಂತ ನೀರಾಗಬಾರದು, ಹೊಸ ಅನುಭವ ಹಾಡಬೇಕು, ಮೊಣಕಾಲಿನ ಹಾಡು ಈ ಕಾಲದ ದನಿ, ಎಂದೆಲ್ಲ ಹೇಳಿದೆ. ನಮ್ಮವರು ನನ್ನನ್ನು ಹೊಸದಾಗಿ ನೋಡಿದಂತೆ ನೋಡಿದರು. "ನೋಡಿದ್ಯಾ ಚಂದ್ರು? ಇಷ್ಟು ದಿವಸ ಈಕಿ ಸುಮ್ಮನ ಕೇಳಸಕೊಂಡಾಳ ಅಂತ ತಿಳಕೊಂಡಿದ್ದೆ, ಎಲ್ಲಾ ತಿಳಕೊಂಡಾಳ!" ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಾಡಿತು. ಅಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು. ಅದಕ್ಕೆ ನಾನು ಎಳ್ಳಷ್ಟೂ ಅರ್ಹಳಾಗಿರಲಿಲ್ಲ.

ಚಂದ್ರಣ್ಣ ಆ ದಿನ ಚಪ್ಪಲಿಯ ಕಡೆ ಹೋಗಲಿಲ್ಲ. ಬಸಿಯಲ್ಲಿದ್ದ ಚಹಾ ನೋಡುತ್ತ ಕೂತ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ವೈನಿ, ನಿಮಗ ಹೇಳೇ ಇಲ್ಲ ನಾ. ಮೂರನೇದರಾಗ ವಿಜ್ಯಾ ಛಲೋ ಬಾರಿಸ್ಯಾನ, ಆದ್ರ ಅದರಾಗ ನಾವೆಲ್ಲಾ ಅವನ ಮ್ಯಾಲೆ ಗದ್ದಲ ಹಾಕೇವಿ. ಅವನೊಬ್ಬನ ಬಾರಿಸಿದ್ದು ಒಂದ ಕಡೆ ಐತಿ. ಐದನೇದರಾಗ. ಮೊದಲನೇ ಬಾಜೂದ ಕಡೀಕ. ಜಡ್ಡಿಗೆ ಬೀಳೂಕಿಂತ ಒಂದು ವಾರ ಮೊದಲಿಂದು. ನನಗ ಹೊಸದು ಬ್ಯಾಡ ಅಂತಲ್ಲರಿ. ಹೊಸಾದರಾಗ ಅಂವ ಇರಂಗಿಲ್ಲ." ನಾನು ಅಡುಗೆಮನೆಗೆ ಹೋಗಿ ನೀರಿಟ್ಟೆ. ಚಹಾ ಆಗಷ್ಟೇ ಆಗಿತ್ತು.

ನನಗೊಂದು ಚಾಳಿಯಿದೆ. ದಿನದ ಸಂಗತಿಗಳನ್ನು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತೇನೆ. ಗ್ಯಾಸ್ ಬಂತು, ಉಪ್ಪಿನಕಾಯಿ ಭರಣಿ ಬದಲಿಸಿದೆ, ನಳ ಬರಲಿಲ್ಲ, ಎಂದು. ಹಳೆಯ ಕ್ಯಾಲೆಂಡರುಗಳನ್ನು ಸುರುಳಿ ಸುತ್ತಿ ಅಟ್ಟದ ಮೇಲಿಡುತ್ತೇನೆ. ನಮ್ಮವರು ಇದನ್ನು ನೋಡಿ ನಗುತ್ತಾರೆ. ಇಲಿಗಳ ಗ್ರಂಥಾಲಯ ಎನ್ನುತ್ತಾರೆ. ಆ ದಿನ ಏಣಿ ಹಾಕಿ ಹತ್ತಿ, ಸುರುಳಿಗಳನ್ನು ಬಿಚ್ಚಿ ಬಿಚ್ಚಿ ಕೊನೆಗೂ ಆ ಚೌಕ ಕಂಡುಹಿಡಿದೆ. ನನ್ನ ಅಕ್ಷರದಲ್ಲೇ ಇತ್ತು: "ಅತ್ತಿ ರಂಜಕ ಹೇಳಿದರು. ಕ್ಯಾಸೆಟ್ 5, ಮೊದಲ ಬಾಜು. ಹಾಲು ಉಕ್ಕಿ ಹೋಯಿತು." ಎಷ್ಟು ಹೊತ್ತು ಹೇಳಿದರು? ಬರೆದಿರಲಿಲ್ಲ. ಒಂದು ಬಾಜು ಅರ್ಧ ತಾಸು. ಅತ್ತೆ ಮಾತಿಗೆ ಕೂತರೆ ಅರ್ಧ ತಾಸು ಯಾವ ಲೆಕ್ಕ? ಹಾಲು ಉಕ್ಕಿದ್ದನ್ನು ಬರೆದ ಜಾಣೆ, ಒಬ್ಬ ಹುಡುಗನನ್ನು ಎಲ್ಲಿಯವರೆಗೆ ಅಳಿಸಿದೆ ಎಂಬುದನ್ನು ಬರೆದಿರಲಿಲ್ಲ. ಕೇಳಿ ನೋಡೋಣವೆಂದರೆ ಟೇಪ್ ರೆಕಾರ್ಡರನ್ನು ರಿಪೇರಿಗೆಂದು ರಿಯಾಜ್ ಭಾಯಿ ಹಾವೇರಿಗೆ ಒಯ್ದಿದ್ದರು.

ಮರುದಿನ ಒಂದು ಹಳೆಯ ಕುಪ್ಪಸ ಬಿಗಿಯಾಗಿದೆ ಎಂಬ ನೆವ ಮಾಡಿ (ನೆವವೇನೂ ಅಲ್ಲ, ಬಿಗಿಯಾಗಿಯೇ ಇತ್ತು), ಕ್ಯಾಸೆಟ್ಟನ್ನು ಚೀಲದ ತಳದಲ್ಲಿಟ್ಟುಕೊಂಡು ಹಾವೇರಿ ಬಸ್ಸು ಹತ್ತಿದೆ. ಪಾವಟಿಗೆ ನಿಜಕ್ಕೂ ಎತ್ತರ. ಆ ಹಾಡಿನ ಮೇಲೆ ಮೊದಲ ಸಲ ಗೌರವ ಮೂಡಿತು. ರಿಯಾಜ್ ಭಾಯಿ ಕತ್ತಿಗೆ ಟೇಪು ಹಾಕಿಕೊಂಡು ಕೂತಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿ ನಮ್ಮ ಟೇಪ್ ರೆಕಾರ್ಡರಿನ ಹೊಟ್ಟೆ ಬಿಚ್ಚಿತ್ತು. ಒಳಗಿನ ಬೆಲ್ಟು ಬಿರುಕು ಬಿಟ್ಟಿತ್ತಂತೆ. ಅದರ ಬದಲಿಗೆ ಲಂಗಕ್ಕೆ ಹಾಕುವ ಇಲಾಸ್ಟಿಕ್ಕನ್ನು ಸಣ್ಣಗೆ ಸೀಳಿ ಹೊಲಿದು ನೋಡುತ್ತಿದ್ದರು. "ಬರ್ರಿ ವೈನಿ, ಕುಂದ್ರಿ. ಇದು ರವಿವಾರದೊಳಗ ತಯಾರಾಗತೈತಿ" ಎಂದರು. ನಾನು ಕುಪ್ಪಸ ತೆಗೆಯಲು ಹೋಗಿ ಕ್ಯಾಸೆಟ್ ತೆಗೆದೆ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ಕ್ಯಾಸೆಟ್ಟಿನ ಬೆನ್ನು ತಿರುಗಿಸಿ, ಹಳದಿಯಾಗಿದ್ದ ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ನಾ ಎಷ್ಟು ಕೋಟಿನ ಬಟ್ಟಿ ತಪ್ಪು ಕತ್ತರಿಸೇನಿ ಗೊತ್ತೇನ್ರಿ?" ಎಂದರು. "ಗಿರಾಕಿ ನೋಡೂಕಿಂತ ಮೊದಲು ನಾನ ಹೇಳಿಬಿಡ್ತೇನಿ. ಅಂವ ಒದರ್ತಾನ. ಖರೇ. ಆದ್ರ ಒದರಿ ಮುಗಿಸ್ತಾನ."

"ಚಂದ್ರಣ್ಣ ಒದರಿದ್ರ ನಾ ತಡಕೋತೇನ್ರಿ ಭಾಯಿ. ಒದರದ ಸುಮ್ಮನ ಕುಂತ್ರ?"

ರಿಯಾಜ್ ಭಾಯಿ ಚೀಲದ ಕಡೆ ಕೈ ಚಾಚಿದರು. ಕುಪ್ಪಸ ನೋಡಿ, "ಒಳಗ ಬಟ್ಟಿ ಬಿಟ್ಟೇನಿ, ಬಿಚ್ಚಿ ಹೊಲೀತೇನಿ. ಯಾವಾಗಲೂ ಸ್ವಲ್ಪ ಬಿಟ್ಟಿರತೇನ್ರಿ ನಾ" ಎಂದಷ್ಟೇ ಹೇಳಿದರು. ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ನನಗೇ ವಾಪಸು ಕೊಟ್ಟರು. ನಾನು ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಪೂರ್ತಿ ಮಾತು ಜೋಡಿಸಿಕೊಂಡೆ. ಮನೆಗೆ ಬಂದರೆ ನಮ್ಮವರು ಬಾಗಿಲಲ್ಲೇ ನಿಂತು, "ಮೊಳಕಿ ಪರೀಕ್ಷಾ!" ಎಂದು ಕೂಗಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಂಗಡಿಗೆ ಬಂದ ಬೀಜ ಮಾರುವ ಮುಂಚೆ, ಒಂದೊಂದು ಚೀಲದಿಂದ ನೂರು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸಾಲಾಗಿಟ್ಟು ಸುತ್ತಿ, ಮೂಲೆಯಲ್ಲಿಡುತ್ತೇನೆ. ನಾಲ್ಕಾರು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳೆತಿವೆ ಎಂದು ಎಣಿಸುತ್ತೇನೆ. ಎಣಿಸುವುದು ಮೂವತ್ತು ವರ್ಷದಿಂದ ನನ್ನ ಕೆಲಸ. ನಮ್ಮವರು ಎಣಿಸಿದರೆ ಪ್ರೀತಿಯಿಂದ ಎರಡು ಹೆಚ್ಚಿಗೆ ಬರುತ್ತವೆ. ಈಗ ಹಾಡಿನ ತಂಟೆಗೂ ಅದೇ ಪರಿಹಾರ ಎಂದು ಅವರಿಗೆ ಹೊಳೆದಿತ್ತು. ರವಿವಾರ ಸಂಜೆ ಓಣಿಯ ಹತ್ತು ಮಂದಿಯನ್ನು ಪಡಸಾಲೆಯಲ್ಲಿ ಸಾಲಾಗಿ ಕೂಡಿಸುವುದು, ಚಪ್ಪಲಿ ಹೊರಗೆ. ಒಂದು ಹೊಸ ಹಾಡು, ಒಂದು ಹಳೆಯ ಹಾಡು ಕೇಳಿಸುವುದು. ಕಾಲಿನ ಹೆಬ್ಬೆರಳು ಅಲ್ಲಾಡಿದರೆ ಮೊಳಕೆ ಬಂತೆಂದು ಲೆಕ್ಕ. ಬಾಯಿಂದ ಜನ ಸುಳ್ಳು ಹೇಳುತ್ತಾರೆ, ಹೆಬ್ಬೆರಳು ಹೇಳುವುದಿಲ್ಲ. ಚಂದ್ರಣ್ಣ ಫೋನಿನಲ್ಲೇ ಒಪ್ಪಿದನಂತೆ, ಒಂದು ಕರಾರಿನ ಮೇಲೆ: ಐದನೇ ನಂಬರು ಹಾಕಲೇಬೇಕು.

ರವಿವಾರ ಬಂತು. ಒಂಬತ್ತು ಮಂದಿ ಸುಲಭವಾಗಿ ಸಿಕ್ಕರು, ಮಿರ್ಚಿ ಭಜಿ ಇದೆ ಎಂದಿದ್ದೆ. ಹತ್ತನೆಯವರು ಎದುರುಮನೆಯ ನಿವೃತ್ತ ಪಿ.ಟಿ. ಮಾಸ್ತರು. ಅವರ ಬಲಗಾಲು ಹಾಡಿರಲಿ ಇಲ್ಲದಿರಲಿ, ಸದಾ ಕುಣಿಯುತ್ತಲೇ ಇರುತ್ತದೆ. "ಇದು ನಡಿಯಂಗಿಲ್ಲ, ಇವರು ನೀರು ಹಾಕದನ ಮೊಳಿತಾರ" ಎಂದು ಚಂದ್ರಣ್ಣ ತಕರಾರು ತೆಗೆದ. ಮಾಸ್ತರು ಅಷ್ಟರಲ್ಲಿ ಎರಡು ಭಜಿ ತಿಂದಿದ್ದರಿಂದ ಎಬ್ಬಿಸಲಾಗಲಿಲ್ಲ. ನಾನು ಪೆನ್ಸಿಲ್ ಹಿಡಿದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕಲು ಬಾಗಿಲ ಬಳಿ ಕೂತೆ. ಮೊಣಕಾಲಿನ ಹಾಡು ಮೊದಲು. ಮೂವರೂ ಜೀವ ಬಿಟ್ಟು ಬಾರಿಸಿದರು. ಹತ್ತಕ್ಕೆ ನಾಲ್ಕು, ಅದರಲ್ಲಿ ಒಂದು ಮಾಸ್ತರದು. ಹಾಡು ಮುಗಿದ ಮೇಲೆ ಒಬ್ಬರು, "ಯಾವ ಎಣ್ಣಿ ಹಚ್ಚತೀರಿ ಬಸಣ್ಣ?" ಎಂದು ಬಹಳ ಕಾಳಜಿಯಿಂದ ಕೇಳಿದರು.

ಚಂದ್ರಣ್ಣ ನನ್ನ ಕಡೆ ಕೈ ಚಾಚಿದ. ಕ್ಯಾಸೆಟ್ ಕೊಡುವಾಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ರಿಯಾಜ್ ಭಾಯಿ ನಡುವೆ ಬಂದು, "ಯಂತ್ರದ ಲಹರಿ ನನಗ ಗೊತ್ತು" ಎನ್ನುತ್ತ ತಾವೇ ತೆಗೆದುಕೊಂಡರು. ಬೆನ್ನಿನ ಮೇಲಿನ ಪಟ್ಟಿಯನ್ನು ಯಾರಿಗೂ ಕಾಣದಂತೆ ಕಿತ್ತು ಜುಬ್ಬದ ಕಿಸೆಗೆ ಹಾಕಿಕೊಂಡಿದ್ದನ್ನು ನಾನೊಬ್ಬಳೇ ನೋಡಿದೆ. ಗುಂಡಿ ಒತ್ತಿದರು. ಸುಂಯ್ ಎಂಬ ಸದ್ದು. ತಂತಿ ಬಿಗಿಯುವ ಸದ್ದು. ಎಳೆಯ ದನಿಯಲ್ಲಿ ಚಂದ್ರಣ್ಣ, "ಚಾಲೂ ಮಾಡ್ರಿನ್ನ" ಎಂದ. ಪಡಸಾಲೆಯ ಚಂದ್ರಣ್ಣ ನಕ್ಕ. ಆಮೇಲೆ ಖಟ್ ಎಂದಿತು.

"ಚಾಲೂ ಆತೇನ ಇದು? ಕೆಂಪು ದೀಪ ಹತ್ತೇತೇನು? ಹೂಂ. ಕೇಳು ಇಲ್ಲಿ. ಬ್ಯಾಡಗಿ ಕಾಯಿ ಆಗಬೇಕು, ಗಿಡದಾಗ ಹಣ್ಣಾಗಿದ್ದು. ತೊಟ್ಟು ತಗೀಬೇಕು. ನೀ ತೊಟ್ಟು ಅರ್ಧಮರ್ಧ ಬಿಡತಿ. ಎಲ್ಲಾ ಕೆಲಸ ನಿಂದು ಹಂಗ."

ಹದಿನಾಲ್ಕು ವರ್ಷದ ಹಿಂದೆ ತೀರಿಕೊಂಡ ನಮ್ಮ ಅತ್ತೆ, ಓಣಿಯ ಹತ್ತು ಮಂದಿಯೆದುರು ನನ್ನ ಮಾನ ಕಳೆಯುತ್ತಿದ್ದರು. ನಮ್ಮವರು ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತರು, ಎದ್ದಂತೆಯೂ ಅಲ್ಲ ಕೂತಂತೆಯೂ ಅಲ್ಲ. "ಕುಟ್ಟಬೇಕು. ಮಿಕ್ಸರಿನಾಗ ಹಾಕೀದಿ ಅಂದ್ರ, ಎಲ್ಲಿದ್ರೂ ಎದ್ದು ಬರ್ತೇನಿ ನಾ, ನೆನಪಿಟ್ಟುಕೋ" ಎಂದು ಟೇಪು ಗದರಿತು. ಹತ್ತು ಮಂದಿಯೂ ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು. ಅಲ್ಲಿ ಕಟ್ಟೆಯ ಮೇಲೆ ನನ್ನ ಮಿಕ್ಸರು ನಿರಪರಾಧಿಯಂತೆ ಕೂತಿತ್ತು. ಆಮೇಲೆ ಕುಟ್ಟುವ ಸದ್ದು ಸುರುವಾಯಿತು. ಧಕ್ಕ ಧಕ್ಕ, ಧಕ್. ಧಕ್ಕ ಧಕ್ಕ, ಧಕ್. ರಿಯಾಜ್ ಭಾಯಿಯ ಬೆರಳು ತಾನಾಗಿ ಡ್ರಮ್ಮಿನ ಅಂಚಿಗೆ ಹೋಯಿತು. ನಾನು ಅಭ್ಯಾಸಬಲದಿಂದ ಕೆಳಗೆ ನೋಡಿದೆ. ಒಂಬತ್ತು ಹೆಬ್ಬೆರಳು ಅಲ್ಲಾಡುತ್ತಿದ್ದವು. ಅಲ್ಲಾಡದೆ ಸ್ತಬ್ಧವಾಗಿದ್ದದ್ದು ಮಾಸ್ತರ ಕಾಲೊಂದೇ.

ಆದರೆ ನನ್ನ ಜೀವ ಚಂದ್ರಣ್ಣನ ಮುಖದಲ್ಲಿತ್ತು. ಅವನು ಸುಮ್ಮನೆ ಕೂತಿದ್ದ. ನಾನು ಹೆದರಿದ್ದು ಇದಕ್ಕೇ. ಟೇಪು ಓಡುತ್ತಿತ್ತು, ಅತ್ತೆ ಬೆಳ್ಳುಳ್ಳಿಯ ಬಗ್ಗೆ ಹೇಳಿದರು, ಉಪ್ಪಿನ ಬಗ್ಗೆ ಹೇಳಿದರು, ನಡುವೆ ನೆರೆಮನೆಯವರ ಬಗ್ಗೆಯೂ ಹೇಳಿದರು (ಅವರ ಮಗ ಆರನೆಯ ಬೀಜವಾಗಿ ಅಲ್ಲೇ ಕೂತಿದ್ದ). ಒಂದೊಂದು ಮಾತಿಗೂ ವಿಜಯ ಅಷ್ಟಷ್ಟು ಅಳಿದುಹೋಗುತ್ತಿದ್ದಾನೆ ಎನಿಸುತ್ತಿತ್ತು. "ಇನ್ನ ಮೆಂತೆ. ಹುರೀಬೇಕು. ಎಷ್ಟಂದ್ರ..." ಎಂದ ಅತ್ತೆ ಅಲ್ಲಿಗೇ ನಿಂತರು.

"ಅಲ್ಲ, ಇದು ಎಷ್ಟನೇ ನಂಬರಿಂದು?"

"ಐದನೇದ್ರಿ ಅತ್ತಿ." ಇದು ನನ್ನ ದನಿ. ಎಷ್ಟು ತೆಳ್ಳಗಿತ್ತು!

"ಐದನೇದು? ಅಯ್ಯ ನಿನ್ನ! ನೀ ತವರಿಗೆ ಹೋದಾಗ ಚಂದ್ರ್ಯಾ ಬಂದು ಒಬ್ಬನ ಹಚ್ಚಕೊಂಡು ಕುಂದರ್ತಾನ, ಇದ ಅದು. ಮುಂದ ವಿಜ್ಯಾಂದು ಐತಿ. ಬಂದ್ ಮಾಡು, ಬಂದ್ ಮಾಡು! ಆ ಹುಡುಗನ್ನ ಅಳಿಸಬ್ಯಾಡ. ಮೆಂತೇದು ಎಂದರ ಹೇಳ್ತೇನಿ. ಏ, ಅಲ್ಲಿ ಹಾಲು..."

ಖಟ್. ಆಮೇಲೆ ಸುಂಯ್ ಎಂಬ ಸದ್ದು. ಆಮೇಲೆ ವಿಜಯ.

ಪೂರ್ತಿ ಇದ್ದ. ಮೊದಲಿನಿಂದ ಕೊನೆಯವರೆಗೆ, ಒಂದು ತಂತಿಯೂ ಕಡಿಮೆಯಿಲ್ಲದೆ. ಅಂದು ಉಕ್ಕುವ ಹಾಲಿನ ಗಡಿಬಿಡಿಯಲ್ಲಿ ನನ್ನ ಕಿವಿಗೆ ಬಂದ್ ಮಾಡು ಎಂಬುದಷ್ಟೇ ಬಿದ್ದಿತ್ತು, ಗುಂಡಿ ಒತ್ತಿ ಒಲೆಯ ಕಡೆ ಓಡಿದ್ದೆ. ನನಗೆ ಆ ಸಂಗೀತ ಮೂವತ್ತು ವರ್ಷವೂ ತಗಡಿನ ಸದ್ದೇ ಆಗಿತ್ತು. ಆ ದಿನ ಅದು ದಪ್ಪ ಕಡೆಯ ರೊಟ್ಟಿ ಬೇಡಿದ ಹುಡುಗನ ಮಾತಿನಂತೆ ಕೇಳಿಸಿತು. ಚಂದ್ರಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡೇ, ಇನ್ನೊಂದು ಕೈಯಿಂದ ತಡಕಾಡಿ ತನ್ನ ಗಿಟಾರು ಎಳೆದುಕೊಂಡ. ರಿಯಾಜ್ ಭಾಯಿ ಆಗಲೇ ಸುರುಮಾಡಿದ್ದರು. ನಮ್ಮವರು ಕೊನೆಗೂ ಪೂರ್ತಿ ಎದ್ದು ನಿಂತು ಹಾಡಿದರು. ವಿಜಯನಿಗೆ ಇಪ್ಪತ್ತಾರು, ಇವರಿಗೆ ಐವತ್ತೆಂಟು. ಅವನು ಓಡುತ್ತಿದ್ದ, ಇವರು ಏದುಸಿರು ಬಿಡುತ್ತ ಹಿಂದೆ ಬಿದ್ದಿದ್ದರು. ಒಂದು ಹಂತದಲ್ಲಿ ನಮ್ಮವರು ಟೇಪ್ ರೆಕಾರ್ಡರಿನ ಕಡೆ ಕೈ ಮಾಡಿ, "ಏ ವಿಜ್ಯಾ, ಸಾವಕಾಶ ಹೋಗೋ!" ಎಂದು ಒದರಿಯೇಬಿಟ್ಟರು. ನಾನು ಗೀಟು ಹಾಕುವುದನ್ನು ಮರೆತೆ. ನನ್ನದೇ ಹೆಬ್ಬೆರಳು ಅಲ್ಲಾಡುತ್ತಿತ್ತು.

ಓಣಿಯವರು ಎದ್ದ ಮೇಲೆ ಎಲ್ಲವನ್ನೂ ಹೇಳಿದೆ, ಪಟ್ಟಿಯದನ್ನೂ ಬಿಡದೆ. ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ ಬಿಡಿ. ಅತ್ತೆಯೇ ಹೇಳಿ ಮುಗಿಸಿದ್ದರು. ಚಂದ್ರಣ್ಣ ನನ್ನ ಕಾಲಿಗೆ ಬಗ್ಗಲು ಬಂದ. ನನಗೆ ಬಗ್ಗಬೇಡ, ಬಗ್ಗಬೇಕಾದದ್ದು ಗೋಡೆಯ ಮೇಲಿರುವವರಿಗೆ ಎಂದು ಅತ್ತೆಯ ಫೋಟೋ ತೋರಿಸಿದೆ. ನಮ್ಮವರು ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅಳಿಸಿದ್ದು ಇದೊಂದ ಏನು?"

"ದೇವರಾಣಿ ಇದೊಂದ ರೀ."

"ಅಯ್ಯ," ಎಂದರು ನಮ್ಮವರು. "ಇನ್ನೊಂದೆರಡು ಅಳಿಸಬಾರದಾಗಿತ್ತೇನ? ಅವ್ವನ ದನಿ ಅದರಾಗ ಇಷ್ಟ ಐತಲ್ಲ."

ದೀಪಾವಳಿಯೊಳಗೆ ಸುನಂದಾ ಅವರಿಗೆ ಹೋದದ್ದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಟೇಪಿನ ವಿಜಯನ ಜೊತೆಗೆ ಇವರು ಮೂವರೂ ಏದುಸಿರಿನಲ್ಲಿ ಬಾರಿಸಿದ್ದು, ಮುಂದೆ ಅತ್ತೆಯ ಕುಟ್ಟಾಣಿ ಸಮೇತ. ನೆರೆಮನೆಯವರ ಬಗ್ಗೆ ಹೇಳಿದ ಭಾಗವನ್ನು ಮಾತ್ರ ತೆಗೆಸಿದೆವು. ಅದನ್ನು ಹೊಸದೆನ್ನಬೇಕೋ ಹಳೆಯದೆನ್ನಬೇಕೋ ಎಂದು ನಮ್ಮವರಿಗೂ ಚಂದ್ರಣ್ಣನಿಗೂ ಇಂದಿಗೂ ಜಗಳ ನಡೆದಿದೆ. ಚಪ್ಪಲಿಯವರೆಗೆ ಹೋಗುವುದಿಲ್ಲ. ನನಗೋ, ಯಾರಿಗೆ ಕೃತಜ್ಞಳಾಗಿರಬೇಕೆಂಬುದರ ಪಟ್ಟಿ ಬಹಳ ಉದ್ದವಾಗಿದೆ. ಒಳಗೆ ಬಟ್ಟೆ ಬಿಟ್ಟು ಹೊಲಿಯುವ ರಿಯಾಜ್ ಭಾಯಿಗೆ, ಒದರದೆಯೂ ಕ್ಷಮಿಸಿದ ಚಂದ್ರಣ್ಣನಿಗೆ, ಲಂಗದ ಇಲಾಸ್ಟಿಕ್ಕಿಗೆ, ಸರಿಯಾದ ಹೊತ್ತಿಗೆ ಉಕ್ಕಿದ ಹಾಲಿಗೆ. ತಮ್ಮ ದನಿಗಿಂತ ಆ ಹುಡುಗನ ದನಿ ಉಳಿಯಲಿ ಎಂದ ಅತ್ತೆಗಂತೂ ಇಷ್ಟೆಂದು ಹೇಳಲಾರೆ. ಅವರು ಜೀವಮಾನವೆಲ್ಲ ನನಗೆ ಕಲಿಸಿದ್ದರಲ್ಲಿ ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ, ಉಳಿದರ್ಧ ಟ್ರಂಕಿನಲ್ಲಿತ್ತು.

ಹಾಡು ಕೇಳಿದವರಿಂದ ಸುನಂದಾ ಅವರಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಿಟಾರಿನ ಬಗ್ಗೆಯಲ್ಲವಂತೆ. ಮೆಂತೆ ಎಷ್ಟು ಹಾಕಬೇಕು, ಎಂದು. ನಮ್ಮವರು ನಗುತ್ತ ನನ್ನನ್ನೇ ಕೇಳಿದರು, "ಈಗ ಹೇಳು. ನಿನ್ನ ಕಡೆ ಹಳೇದು ಐತೋ, ಹೊಸಾದು ಮಾಡ್ತೀಯೋ?" ಹಳೆಯದು ಎಲ್ಲಿಂದ ಬರಬೇಕು? ಹೊಸದೇ ಗತಿ. ಸಂಕ್ರಮಣದ ಹೊತ್ತಿಗೆ ಚಂದ್ರಣ್ಣ ಬ್ಯಾಡಗಿಯಿಂದ ಗಿಡದಲ್ಲಿ ಹಣ್ಣಾದ ಕಾಯಿ ಒಂದು ಬುಟ್ಟಿ ತಂದಿಟ್ಟ. ತೊಟ್ಟನ್ನು ಒಂದೂ ಬಿಡದೆ ತೆಗೆದೆ. ಮಿಕ್ಸರಿನ ಮುಖ ಗೋಡೆಗೆ ತಿರುಗಿಸಿ, ಒರಳಿನಲ್ಲೇ ಕುಟ್ಟಿದೆ. ಮೆಂತೆಯನ್ನು ನನ್ನ ಕೈಗೆ ತಿಳಿದಷ್ಟು ಹಾಕಿದೆ. ರವಿವಾರ ಬ್ಯಾಂಡಿನವರು, ಓಣಿಯವರು ಸೇರಿ ಹತ್ತು ಮಂದಿಗೆ ರೊಟ್ಟಿಗೆ ಹಚ್ಚಿ ಬಡಿಸಿ, ಬಾಗಿಲ ಬಳಿ ಪೆನ್ಸಿಲ್ ಹಿಡಿದು ಹೆಬ್ಬೆರಳು ನೋಡುತ್ತ ಕೂತೆ. ಎಲ್ಲರೂ ಬಹಳ ವಿನಯದಿಂದ ನೀರು ಕುಡಿದರು. ಹೊಸದೇ ಬೇಕು, ಹಳೆಯದು ಸಲ್ಲದು ಎಂದು ಮಳೆಗಾಲವಿಡೀ ವಾದಿಸಿದ ನಮ್ಮವರು ಒಂದು ತುತ್ತು ತಿಂದು, ಕಣ್ಣು ಮುಚ್ಚಿ, ಯೋಚಿಸಿ, "ಹಳೇದ ಛಲೋ ಇತ್ತು ನೋಡು" ಎಂದರು.

ನಾನು ಎದ್ದು ಹೋಗಿ ಆ ದಿನದ ಚೌಕದಲ್ಲಿ ಪ್ರಾಮಾಣಿಕವಾಗಿ ಬರೆದೆ: "ರಂಜಕ, ಹೊಸದು. ಹತ್ತಕ್ಕೆ ಎರಡು." ಆ ಎರಡರಲ್ಲಿ ಒಬ್ಬರು ರಿಯಾಜ್ ಭಾಯಿ, ಮರ್ಯಾದಸ್ಥರು. ಇನ್ನೊಬ್ಬರು ಪಿ.ಟಿ. ಮಾಸ್ತರು.